ಎಳೆದು ನೋಡುವ ಕೋಶ: ಬಲದ ಸುದ್ದಿ ಕೋಶಕೇಂದ್ರವನ್ನು ತಲುಪುವ ಬಗೆ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವು ಪ್ರಯೋಗಗಳ ವಿವರಣೆಯನ್ನು ಹಿಗ್ಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸುಟ್ಟ ಗಾಯಗಳಿಂದ ಚರ್ಮ ಕಳೆದುಕೊಂಡವರಿಗೆ ಪ್ಲಾಸ್ಟಿಕ್ ಸರ್ಜರಿಯ ವೈದ್ಯರು ಮಾಡುವ ಒಂದು ಚಿಕಿತ್ಸೆಯಿಂದ ಮಾತನ್ನು ಆರಂಭಿಸುತ್ತೇನೆ. ಗಾಯದ ಪಕ್ಕದಲ್ಲಿ ಇನ್ನೂ ಆರೋಗ್ಯವಾಗಿರುವ ಚರ್ಮದ ಅಡಿಗೆ ಸಿಲಿಕೋನಿನ ಖಾಲಿ ಚೀಲವೊಂದನ್ನು ಇಟ್ಟು ಹೊಲಿಯುತ್ತಾರೆ. ಆಮೇಲೆ ಹಲವು ವಾರಗಳ ಕಾಲ ಅದರೊಳಕ್ಕೆ ಲವಣದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತಾ ಹೋಗುತ್ತಾರೆ. ಚೀಲ ಉಬ್ಬಿದಂತೆ ಮೇಲಿನ ಚರ್ಮ ಬಿಗಿಯಾಗುತ್ತದೆ. ಅದು ರಬ್ಬರಿನ ಹಾಳೆಯಾಗಿದ್ದರೆ ತೆಳ್ಳಗಾಗುತ್ತಾ ಹೋಗಿ ಕೊನೆಗೊಮ್ಮೆ ಹರಿಯಬೇಕಿತ್ತು. ಚರ್ಮ ಹರಿಯುವುದಿಲ್ಲ, ಬೆಳೆಯುತ್ತದೆ. ಹಾಗೆ ಬೆಳೆದ ಹೆಚ್ಚುವರಿ ಚರ್ಮವನ್ನೇ ಗಾಯದ ಮೇಲೆ ಹೊದಿಸುತ್ತಾರೆ. ಈ ಚಿಕಿತ್ಸೆಯಲ್ಲಿ ಬೆಳವಣಿಗೆಗೆಂದು ಯಾವ ಹಾರ್ಮೋನನ್ನೂ ಕೊಟ್ಟಿರುವುದಿಲ್ಲ. ಕೊಟ್ಟದ್ದು ಎಳೆತ ಮಾತ್ರ. ಕೋಶ ಒಡೆದು ಎರಡಾಗಬೇಕಾದರೆ ಕೋಶಕೇಂದ್ರದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ, ಮಡಚಿಟ್ಟಿರುವ ಡಿಎನ್ಎಯ ನಿರ್ದಿಷ್ಟ ಜೀನುಗಳು ಕೆಲಸಕ್ಕೆ ತೊಡಗಬೇಕು. ಹೊರಗೆ ಚರ್ಮ ಬಿಗಿಯಾಯಿತು ಎಂಬ ಸುದ್ದಿ ಆ ಜೀನುಗಳಿಗೆ ಮುಟ್ಟಿದ್ದು ಹೇಗೆ ಎಂಬುದೇ ಇಂದಿನ ವಿಷಯ.

ಅಂಗಾಂಶಗಳು ಬಲಕ್ಕೆ ಓಗೊಡುತ್ತವೆ ಎಂಬ ತಿಳಿವಳಿಕೆ ಹಳೆಯದು. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ವಿಸ್ತಾರವಾಗಿ ಬರೆದಿದ್ದ. ವೃತ್ತಿಪರ ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವಿಲ್ಲದೆ ತೇಲುವವರು ಸೊಂಟದಂಥ ಭಾರ ಹೊರುವ ಭಾಗಗಳಲ್ಲಿ ತಿಂಗಳಿಗೆ ಸುಮಾರು ಶೇ 1ರಿಂದ 1.5ರಷ್ಟು ಮೂಳೆಯ ಸಾಂದ್ರತೆಯನ್ನು ಕಳೆದುಕೊಳ್ಳುತ್ತಾರೆ. ಆದರೆ ಅಂಗದ ಮಟ್ಟದಲ್ಲಿ ಕಂಡದ್ದನ್ನು ಒಂದೊಂದು ಕೋಶದ ಮಟ್ಟದಲ್ಲಿ ವಿವರಿಸಲು ಸುಮಾರು ಒಂದು ಶತಮಾನವೇ ಬೇಕಾಯಿತು. ಅಷ್ಟು ತಡವಾದದ್ದಕ್ಕೆ ಉಪಕರಣಗಳ ಕೊರತೆ ಒಂದು ಕಾರಣ. ಕೋಶವೆಂದರೆ ರಾಸಾಯನಿಕಗಳ ಚೀಲ, ಅದಕ್ಕೆ ಅರ್ಥವಾಗುವುದು ರಾಸಾಯನಿಕಗಳ ಭಾಷೆ ಮಾತ್ರ ಎಂಬ ಗಟ್ಟಿಯಾದ ನಂಬಿಕೆಯೂ ಅಷ್ಟೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಆ ನಂಬಿಕೆಯನ್ನು ಸಡಿಲಿಸಿದ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು 1980ರದು. ಅಮೆರಿಕದ ಆಲ್ಬರ್ಟ್ ಹ್ಯಾರಿಸ್ ಮತ್ತು ಅವರ ಸಹೋದ್ಯೋಗಿಗಳು ಸಿಲಿಕೋನ್ ರಬ್ಬರಿನ ಅತಿ ತೆಳುವಾದ ಪೊರೆಯೊಂದನ್ನು ಮಾಡಿ ಅದರ ಮೇಲೆ ಜೀವಂತ ಕೋಶಗಳನ್ನು ಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಅಡಿಯಲ್ಲಿ ರಬ್ಬರು ಸುಕ್ಕುಗಟ್ಟಿತ್ತು, ಹಾಸಿದ ಜಮಖಾನೆಯನ್ನು ಯಾರೋ ಎರಡು ಕೈಯಿಂದ ಒಳಕ್ಕೆ ಎಳೆದಂತೆ. ಯಾರೂ ಆ ಕೋಶಗಳನ್ನು ಒತ್ತಿರಲಿಲ್ಲ, ಎಳೆದಿರಲಿಲ್ಲ. ಅವೇ ತಮ್ಮ ನೆಲವನ್ನು ಎಳೆಯುತ್ತಿದ್ದವು.

ಬಲವೆಂದರೆ ಹೊರಗಿನಿಂದ ಬರುವುದು, ಕೋಶ ಅದನ್ನು ಸುಮ್ಮನೆ ಅನುಭವಿಸುವುದು ಎಂದು ನಾವು ಸಹಜವಾಗಿ ಊಹಿಸುತ್ತೇವೆ. ರಕ್ತದ ಹರಿವು ನಾಳದ ಗೋಡೆಯನ್ನು ಉಜ್ಜುವಾಗ, ಉಸಿರಿಗೆ ಶ್ವಾಸಕೋಶ ಹಿಗ್ಗುವಾಗ ಆಗುವುದು ಅದೇ. ಆದರೆ ತನ್ನ ಸುತ್ತಣ ನೆಲೆ ಗಡುಸೋ ಮೆದುವೋ ಎಂದು ತಿಳಿಯಬೇಕಾದಾಗ ಕೋಶ ಕಾದು ಕೂರುವುದಿಲ್ಲ. ಬಾವಿಗೆ ಕೊಡ ಇಳಿಸುವ ಮುನ್ನ ಹಗ್ಗವನ್ನು ಒಮ್ಮೆ ಜಗ್ಗಿ ನೋಡುವವರ ಹಾಗೆ ತಾನೇ ಎಳೆದು ನೋಡುತ್ತದೆ. ಎಳೆತಕ್ಕೆ ನೆಲೆ ಎಷ್ಟು ಬಗ್ಗಿತು ಎಂಬುದರಿಂದ ತೀರ್ಮಾನಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ಹಿಡಿದೇ ಸಾಗುತ್ತದೆ.

ಎಳೆಯುವ ಯಂತ್ರ ಯಾವುದು ಎಂದರೆ ನಮ್ಮ ಸ್ನಾಯುಗಳಲ್ಲಿರುವುದರ ಹತ್ತಿರದ ಬಂಧು: ಆಕ್ಟಿನ್ ಎಂಬ ಪ್ರೊಟೀನಿನ ಎಳೆಗಳು ಮತ್ತು ಅವುಗಳನ್ನು ಒಂದರ ಮೇಲೊಂದು ಜಾರಿಸುವ ಮಯೋಸಿನ್ ಎಂಬ ಮೋಟಾರು. ಒಂದು ಮಯೋಸಿನ್ ಅಣು ಹಾಕುವ ಬಲ ಕೆಲವೇ ಪಿಕೊನ್ಯೂಟನ್. ನೂರು ಗ್ರಾಂ ತೂಕದ ವಸ್ತು ಅಂಗೈ ಮೇಲೆ ಹಾಕುವ ಬಲ ಸುಮಾರು ಒಂದು ನ್ಯೂಟನ್. ಅದನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಪಿಕೊನ್ಯೂಟನ್. ನಮಗೆ ಇಲ್ಲವೇ ಇಲ್ಲವೆನಿಸುವ ಈ ಬಲ ಪ್ರೊಟೀನಿನ ಮಡಿಕೆಯೊಂದನ್ನು ಬಿಚ್ಚಲು ಸಾಕು ಎಂಬುದನ್ನು ನೆನಪಿಟ್ಟುಕೊಳ್ಳಿ, ಅದು ಈಗಲೇ ಬೇಕಾಗುತ್ತದೆ.

ಕೋಶದ ಹೊರಗೆ ಕೊಲಾಜೆನ್, ಫೈಬ್ರೊನೆಕ್ಟಿನ್ ಮುಂತಾದ ನಾರುಗಳ ಹಂದರವಿದೆ. ಕೋಶಪೊರೆಯನ್ನು ತೂರಿ ನಿಂತಿರುವ ಇಂಟೆಗ್ರಿನ್ ಎಂಬ ಪ್ರೊಟೀನುಗಳು ಹೊರಗಿನ ಕೈಯಿಂದ ಆ ನಾರನ್ನು ಹಿಡಿಯುತ್ತವೆ. ಒಳಗಿನ ಕೈಯಿಂದ ಅವು ಹಿಡಿಯುವುದು ಟ್ಯಾಲಿನ್ ಎಂಬ ಉದ್ದನೆಯ ಪ್ರೊಟೀನನ್ನು, ಟ್ಯಾಲಿನ್ ಹಿಡಿಯುವುದು ಆಕ್ಟಿನ್ ಎಳೆಗಳನ್ನು. ಹೀಗೆ ಹೊರಗಿನ ನಾರಿನಿಂದ ಒಳಗಿನ ಮೋಟಾರಿನವರೆಗೆ ಒಂದೇ ಹಗ್ಗ ಬಿಗಿದಂತಾಯಿತು. ಹಗ್ಗದ ನಡುವೆ ಕುಳಿತ ಟ್ಯಾಲಿನ್ ಬರಿಯ ಗಂಟಲ್ಲ. ಅದರ ಕಾಂಡದಲ್ಲಿ ಸುರುಳಿಗಳು ಒತ್ತೊತ್ತಾಗಿ ಸೇರಿದ 13 ಕಟ್ಟುಗಳಿವೆ. ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೊಟೀನು ಬಂದು ಕೂರಬಹುದಾದ 11 ಜಾಗಗಳು ಈ ಕಟ್ಟುಗಳ ಒಳಗೆ ಅಡಗಿವೆ. ಎಳೆತ ಸುಮಾರು 5 ಪಿಕೊನ್ಯೂಟನ್ ಮುಟ್ಟಿದಾಗ ಇವುಗಳಲ್ಲಿ ಅತಿ ದುರ್ಬಲವಾದ ಕಟ್ಟು ಬಿಚ್ಚಿಕೊಳ್ಳುತ್ತದೆ, ಅಡಗಿದ್ದ ಜಾಗಗಳು ಹೊರಬೀಳುತ್ತವೆ, ವಿಂಕ್ಯುಲಿನ್ ಬಂದು ಹಿಡಿಯುತ್ತದೆ ಮತ್ತು ಇನ್ನಷ್ಟು ಆಕ್ಟಿನ್ ಎಳೆಗಳನ್ನು ಅಲ್ಲಿಗೆ ಕಟ್ಟುತ್ತದೆ. ಒಂಟಿ ಟ್ಯಾಲಿನ್ ಅಣುವನ್ನೇ ಹಿಡಿದು ಎಳೆದು, ಆಗ ವಿಂಕ್ಯುಲಿನ್ ಅಂಟುವುದು ಹೆಚ್ಚುತ್ತದೆಂದು 2009ರಲ್ಲಿ ತೋರಿಸಿದರು. ಭೌತಿಕವಾದ ಎಳೆತ ರಾಸಾಯನಿಕವಾದ ಬಂಧವಾಗಿ ಮಾರ್ಪಡುವ ಕ್ಷಣವನ್ನು ಇಷ್ಟು ಸ್ಪಷ್ಟವಾಗಿ ಕಾಣಿಸುವ ಉದಾಹರಣೆಗಳು ಹೆಚ್ಚಿಲ್ಲ.

ನೆಲೆ ಮೆದುವಾಗಿದ್ದರೆ ಇದು ಏಕೆ ನಡೆಯುವುದಿಲ್ಲ? ಕೆಸರುಗದ್ದೆಯಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಎಳೆಯಿರಿ: ಗೂಟವೇ ನಿಮ್ಮ ಕಡೆಗೆ ವಾಲುತ್ತದೆ, ಹಗ್ಗ ಬಿಗಿಯಾಗುವುದು ನಿಧಾನ. ಬಂಡೆಗೆ ಹೊಡೆದ ಗೂಟವಾದರೆ ಎಳೆದ ತಕ್ಷಣ ಹಗ್ಗ ಸೆಟೆದುಕೊಳ್ಳುತ್ತದೆ. ಇಂಟೆಗ್ರಿನ್ ಮತ್ತು ನಾರಿನ ನಡುವಿನ ಹಿಡಿತಕ್ಕೆ ಆಯುಸ್ಸು ಕಡಿಮೆ. ಅದು ತಾನಾಗಿ ಕಳಚಿಕೊಳ್ಳುವುದರೊಳಗೆ ಎಳೆತ ಟ್ಯಾಲಿನ್ನನ್ನು ಬಿಚ್ಚುವ ಮಟ್ಟಕ್ಕೆ ಏರಿದರೆ ಹಿಡಿತ ಗಟ್ಟಿಯಾಗುತ್ತದೆ, ಇಲ್ಲವಾದರೆ ಕಳಚಿಹೋಗುತ್ತದೆ. ಅಂದರೆ ಕೋಶ ಅಳೆಯುವುದು ಬಲದ ಪ್ರಮಾಣವನ್ನಷ್ಟೇ ಅಲ್ಲ, ಬಲ ಏರುವ ವೇಗವನ್ನೂ ಕೂಡ. ಗಡುಸುತನದ ಅಳತೆ ಕಾಲದ ಅಳತೆಯಾಗಿ ಬದಲಾಗುವ ಈ ಜಾಣ್ಮೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಸ್ಪರ್ಶದ ವಿಷಯ ಬಂದಾಗ ಪೈಜೊ ಎಂಬ ಹೆಸರನ್ನು ನಿಮ್ಮಲ್ಲಿ ಅನೇಕರು ನೆನಪಿಸಿಕೊಂಡಿರುತ್ತೀರಿ. ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ 2010ರಲ್ಲಿ ಗುರುತಿಸಿದ, ಪೊರೆ ಹಿಗ್ಗಿದಾಗ ತೆರೆದು ಕ್ಯಾಲ್ಸಿಯಂ ಮುಂತಾದ ಅಯಾನುಗಳನ್ನು ಒಳಬಿಡುವ ವಾಹಿನಿ ಅದು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕಾಗಿಯೇ. ಅದು ಬಹಳ ದೊಡ್ಡ ಕಥೆ, ಆದರೆ ನನ್ನ ಇಂದಿನ ದಾರಿ ಬೇರೆ. ಪೊರೆಯ ಬಾಗಿಲನ್ನು ಬಿಟ್ಟು ನಾನು ಹಗ್ಗದ ಜೊತೆಗೇ ಒಳಗೆ ಹೋಗುತ್ತೇನೆ.

ಒಳಗೆ ಹೋಗುವ ಮುನ್ನ, ಈ ಹಗ್ಗದ ಬಿಗಿತಕ್ಕೆ ಕೋಶದ ಬದುಕಿನಲ್ಲಿ ನಿಜವಾಗಿ ಬೆಲೆಯಿದೆಯೇ ಎಂದು ಕೇಳಿಕೊಳ್ಳಬೇಕು. 1997ರಲ್ಲಿ ಕ್ರಿಸ್ಟೊಫರ್ ಚೆನ್, ಡೊನಾಲ್ಡ್ ಇಂಗ್ಬರ್ ಮತ್ತಿತರರು ಗಾಜಿನ ಮೇಲೆ ಅಂಟುವ ಪ್ರೊಟೀನಿನ ಪುಟ್ಟ ದ್ವೀಪಗಳನ್ನು ಅಚ್ಚೊತ್ತಿ, ಒಂದೊಂದರ ಮೇಲೆ ಒಂದೊಂದು ರಕ್ತನಾಳದ ಕೋಶ ಕೂರುವಂತೆ ಮಾಡಿದರು. ದೊಡ್ಡ ದ್ವೀಪದಲ್ಲಿ ಹರಡಿಕೊಂಡ ಕೋಶಗಳು ಬದುಕಿ ಬೆಳೆದವು. ಚಿಕ್ಕ ದ್ವೀಪದಲ್ಲಿ ಮುದುಡಿ ಕುಳಿತವು ಸತ್ತವು. ಚಿಕ್ಕ ದ್ವೀಪದಲ್ಲಿ ಅಂಟುವ ಪ್ರೊಟೀನೇ ಕಡಿಮೆ ಸಿಕ್ಕಿತು, ಸತ್ತದ್ದಕ್ಕೆ ಅದೇ ಕಾರಣವಿರಬಹುದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ಅವರೇ ಮುಂಚಿತವಾಗಿ ಎತ್ತಿಕೊಂಡರು: ಅಷ್ಟೇ ಪ್ರೊಟೀನನ್ನು ಒಂದೇ ಕಡೆ ಇಡದೆ ಚುಕ್ಕಿ ಚುಕ್ಕಿಯಾಗಿ ಹರಡಿದರು. ಕೋಶ ಚುಕ್ಕಿಯಿಂದ ಚುಕ್ಕಿಗೆ ಕಾಲು ಚಾಚಿ, ರಂಗೋಲಿಯ ಚುಕ್ಕಿಗಳ ಮೇಲೆ ಎಳೆದ ಗೆರೆಯಂತೆ ಹರಡಿಕೊಂಡಿತು. ಅಂಟಿದ ಜಾಗದ ಒಟ್ಟು ವಿಸ್ತೀರ್ಣ ಹೆಚ್ಚಾಗದಿದ್ದರೂ ಹರಡಿದ ಕೋಶ ಬದುಕಿತು. ಸಾವು ಬದುಕನ್ನು ನಿರ್ಧರಿಸಿದ್ದು ಹರಡುವಿಕೆ, ಪ್ರೊಟೀನಿನ ಪ್ರಮಾಣವಲ್ಲ.

ಇದಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಶರ್ ಮತ್ತವರ ತಂಡ ಪ್ರಕಟಿಸಿದ ಕೆಲಸ. ಮೂಳೆಮಜ್ಜೆಯಿಂದ ತೆಗೆದ ಒಂದೇ ಬಗೆಯ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು) ಬೇರೆ ಬೇರೆ ಗಡುಸುತನದ ಜೆಲ್ಲುಗಳ ಮೇಲೆ ಬೆಳೆಸಿದಾಗ, ಮಿದುಳಿನಷ್ಟು ಮೆದುವಾದ, ಅಂದರೆ 1 ಕಿಲೊಪ್ಯಾಸ್ಕಲ್ (ಗಡುಸುತನವನ್ನು ಅಳೆಯುವ ಮಾನ) ಮತ್ತು ಅದಕ್ಕೂ ಕಡಿಮೆಯ ಜೆಲ್ಲಿನಲ್ಲಿ ಅವು ನರಕೋಶದ ಗುರುತುಗಳನ್ನೂ, ಹತ್ತರ ಆಸುಪಾಸಿನ ಜೆಲ್ಲಿನಲ್ಲಿ ಸ್ನಾಯುವಿನ ಗುರುತುಗಳನ್ನೂ, 25ರಿಂದ 40ರ ಜೆಲ್ಲಿನಲ್ಲಿ ಮೂಳೆಯ ಗುರುತುಗಳನ್ನೂ ತೋರಿದವು. ಮಯೋಸಿನ್ ಮೋಟಾರನ್ನು ಔಷಧಿಯಿಂದ ನಿಲ್ಲಿಸಿದರೆ ಈ ಭೇದವೆಲ್ಲ ಅಳಿಸಿಹೋಯಿತು. ಎಳೆಯಲಾಗದ ಕೋಶಕ್ಕೆ ಗಡುಸು ಮೆದುಗಳ ವ್ಯತ್ಯಾಸವೇ ಇಲ್ಲ. ಈ ಫಲಿತಾಂಶವನ್ನು ಮೆದು ನೆಲದಲ್ಲಿ ಇಟ್ಟರೆ ಕಾಂಡಕೋಶ ಮಿದುಳಿನ ಕೋಶವಾಗುತ್ತದೆ ಎಂಬ ಒಂದೇ ಸಾಲಿಗೆ ಇಳಿಸಿ ಹೇಳುವುದು ರೂಢಿಯಾಗಿದೆ, ಅದು ನನಗೆ ಒಪ್ಪಿಗೆಯಿಲ್ಲ. ನರಕೋಶದ ಕೆಲವು ಗುರುತುಗಳನ್ನು ತೋರುವುದು ಬೇರೆ, ವಿದ್ಯುತ್ ಸಂಕೇತ ಹರಿಸುವ ನರಕೋಶವಾಗುವುದು ಬೇರೆ. ಇನ್ನೊಂದು ತಕರಾರೂ ಇತ್ತು: ಜೆಲ್ಲನ್ನು ಮೆದು ಮಾಡಿದಾಗ ಅದರ ರಂಧ್ರಗಳೂ ದೊಡ್ಡದಾಗಿ, ಮೇಲೆ ಬಳಿದ ಕೊಲಾಜೆನ್ನಿನ ಬೇರೂರುವಿಕೆ ಸಡಿಲವಾಗುತ್ತದೆ, ಕೋಶ ಗುರುತಿಸುತ್ತಿರುವುದು ಆ ಸಡಿಲತೆಯನ್ನೇ ಹೊರತು ಗಡುಸುತನವನ್ನಲ್ಲ ಎಂದು 2012ರಲ್ಲಿ ಬೇರೊಂದು ತಂಡ ವಾದಿಸಿತು. 2014ರಲ್ಲಿ ಎಂಗ್ಲರ್ ಅವರ ಗುಂಪು ರಂಧ್ರದ ಗಾತ್ರವನ್ನೂ ಗಡುಸುತನವನ್ನೂ ಬೇರೆ ಬೇರೆಯಾಗಿ ಬದಲಿಸಿ, ಕೋಶದ ಆಯ್ಕೆ ಗಡುಸುತನವನ್ನೇ ಅನುಸರಿಸುತ್ತದೆಂದು ತೋರಿಸಿತು. ಉಪನ್ಯಾಸಗಳಲ್ಲಿ ಇಂಥ ಜಗಳಗಳನ್ನು ಬಿಟ್ಟುಬಿಡುತ್ತೇವೆ. ಆದರೆ ತಕರಾರು ಬಂದದ್ದರಿಂದಲೇ ಆ ಪ್ರಯೋಗದ ಮೇಲೆ ನನಗೆ ಈಗ ಹೆಚ್ಚು ನಂಬಿಕೆ.

ಇನ್ನು ಕೋಶಕೇಂದ್ರದ ಕಡೆಗೆ. ಸುದ್ದಿ ಅಲ್ಲಿಗೆ ಹೋಗುವ ದಾರಿ ಎರಡು. ಒಂದು, ಓಲೆಕಾರನ ಕೈಯಲ್ಲಿ ಕಳಿಸುವುದು. ಇಟಲಿಯ ಪಾಡುವಾದಲ್ಲಿ ಸ್ಟೆಫಾನೊ ಪಿಕೊಲೊ ಅವರ ತಂಡ 2011ರಲ್ಲಿ ಕಂಡಂತೆ, ಯಾಪ್ ಎಂಬ ಪ್ರೊಟೀನು ಮೆದು ನೆಲೆಯ ಮೇಲಿನ ಕೋಶಗಳಲ್ಲಿ ಕೇಂದ್ರದ ಹೊರಗೇ ಉಳಿಯುತ್ತದೆ, ಗಡುಸು ನೆಲೆಯಲ್ಲಿ ಹರಡಿಕೊಂಡ ಕೋಶಗಳಲ್ಲಿ ಕೇಂದ್ರದೊಳಗೆ ಹೋಗಿ ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಎಮ್‌ಆರ್‌ಟಿಎಫ್ ಎಂಬ ಮತ್ತೊಬ್ಬ ಓಲೆಕಾರನಿದ್ದಾನೆ. ಆತನನ್ನು ಬಿಡಿಯಾದ ಆಕ್ಟಿನ್ ಅಣುಗಳು ಹಿಡಿದಿಟ್ಟಿರುತ್ತವೆ, ಅವು ಎಳೆಗಳಾಗಿ ಪೋಣಿಸಿಕೊಂಡಾಗ ಆತ ಬಿಡುಗಡೆಯಾಗಿ ಒಳಕ್ಕೆ ಹೋಗುತ್ತಾನೆ.

ಎರಡನೆಯದು ಹಗ್ಗವನ್ನೇ ನೇರವಾಗಿ ಕೋಶಕೇಂದ್ರಕ್ಕೆ ಕಟ್ಟುವ ದಾರಿ. 1997ರಲ್ಲಿ ಆಂಡ್ರ್ಯೂ ಮನಿಯೋಟಿಸ್, ಚೆನ್ ಮತ್ತು ಇಂಗ್ಬರ್ ಒಂದು ಸೂಕ್ಷ್ಮ ಮಣಿಯನ್ನು ಇಂಟೆಗ್ರಿನ್ನಿಗೆ ಅಂಟಿಸಿ, ಸೂಜಿಮೊನೆಯ ಗಾಜಿನ ಕೊಳವೆಯಿಂದ ಅದನ್ನು ಪಕ್ಕಕ್ಕೆ ಎಳೆದರು. ಕೋಶದ ನಡುವೆ ದೂರದಲ್ಲಿದ್ದ ಕೋಶಕೇಂದ್ರ ಎಳೆದ ದಿಕ್ಕಿಗೆ ಉದ್ದವಾಯಿತು. ಪೊರೆಯ ಮೇಲಿನ ಬೇರೆ ಬಗೆಯ ಗ್ರಾಹಕಕ್ಕೆ, ಅಂದರೆ ಹೊರಗಿನ ಅಣುಗಳನ್ನು ಹಿಡಿಯುವ ಇನ್ನೊಂದು ಪ್ರೊಟೀನಿಗೆ, ಮಣಿ ಅಂಟಿಸಿ ಎಳೆದಾಗ ಕೇಂದ್ರ ಕದಲಲಿಲ್ಲ. ಕೋಶವು ನೀರು ತುಂಬಿದ ಚೀಲವಾಗಿದ್ದರೆ ಎಲ್ಲಿ ಎಳೆದರೂ ಒಂದೇ ಆಗಬೇಕಿತ್ತು. ಇಲ್ಲಿ ನಿರ್ದಿಷ್ಟ ಗೂಟಕ್ಕೆ ಕಟ್ಟಿದ ನಿರ್ದಿಷ್ಟ ಹಗ್ಗವಿತ್ತು.

ಆ ಹಗ್ಗದ ಒಳತುದಿಯ ಗಂಟು ಯಾವುದೆಂದು ತಿಳಿದದ್ದು ಆಮೇಲೆ. ಕೋಶಕೇಂದ್ರಕ್ಕೆ ಎರಡು ಪದರದ ಪೊರೆಯಿದೆ. ಹೊರಪದರದಲ್ಲಿ ನೆಸ್ಪ್ರಿನ್ ಎಂಬ ಪ್ರೊಟೀನುಗಳು ನಿಂತು ಆಕ್ಟಿನ್ ಮುಂತಾದ ಎಳೆಗಳನ್ನು ಹಿಡಿಯುತ್ತವೆ. ಒಳಪದರದಲ್ಲಿ ಸನ್ ಎಂಬ ಪ್ರೊಟೀನುಗಳಿವೆ. ಎರಡು ಪದರಗಳ ನಡುವಿನ ಸಂದಿಯಲ್ಲಿ ಇವು ಪರಸ್ಪರ ಕೈ ಹಿಡಿಯುತ್ತವೆ. ಈ ಜೋಡಣೆಗೆ 2006ರಲ್ಲಿ ಲಿಂಕ್ ಸಂಕೀರ್ಣ ಎಂಬ ಹೆಸರು ಬಂತು. ಸನ್ ಪ್ರೊಟೀನಿನ ಒಳತುದಿ ಲ್ಯಾಮಿನ್ ಎಂಬ ಪ್ರೊಟೀನಿನ ಬಲೆಗೆ ತಾಗುತ್ತದೆ, ಆ ಬಲೆಗೆ ಡಿಎನ್ಎ ಸುತ್ತಿಕೊಂಡ ಕ್ರೊಮಾಟಿನ್ ತಾಗಿಕೊಂಡಿರುತ್ತದೆ. ಹೊರಗಿನ ಕೊಲಾಜೆನ್ನಿನಿಂದ ಒಳಗಿನ ಡಿಎನ್ಎವರೆಗೆ ಎಲ್ಲೂ ತುಂಡಾಗದ ಒಂದು ಸರಪಳಿ.

ಸರಪಳಿ ಇರುವುದರಿಂದಲೇ ಸುದ್ದಿ ಹೋಗುತ್ತದೆ ಎಂದು ಹೇಳಿದಂತಾಗಲಿಲ್ಲ. ಅದಕ್ಕೆ ಮೂರು ಸಾಕ್ಷ್ಯಗಳನ್ನು ಮುಂದಿಡುತ್ತೇನೆ. ವೇಗ ಮೊದಲನೆಯದು. ನಿಂಗ್ ವಾಂಗ್ ಅವರ ತಂಡ 2008ರಲ್ಲಿ ಅಳೆದಂತೆ, ಎಳೆತ ಕೊಟ್ಟ 0.3 ಸೆಕೆಂಡಿನೊಳಗೆ ಕೋಶದ ದೂರದ ಭಾಗಗಳಲ್ಲಿ ಸಾರ್ಕ್ ಎಂಬ ಕಿಣ್ವ ಸಕ್ರಿಯವಾಗುತ್ತದೆ; ಅದೇ ಕಿಣ್ವವನ್ನು ಬೆಳವಣಿಗೆಯ ರಾಸಾಯನಿಕವೊಂದರಿಂದ ಸಕ್ರಿಯಗೊಳಿಸಲು ಸುಮಾರು 12 ಸೆಕೆಂಡು ಹಿಡಿಯಿತು. ಬಿಗಿದ ತಂತಿಯ ಒಂದು ತುದಿಯ ಮಿಡಿತ ಇನ್ನೊಂದು ತುದಿಗೆ ಮುಟ್ಟುವುದಕ್ಕೂ ಬಣ್ಣದ ಹನಿ ನೀರಿನಲ್ಲಿ ಹರಡುವುದಕ್ಕೂ ಇರುವ ವ್ಯತ್ಯಾಸ ಇದು. ಇನ್ನೊಂದು ಸಾಕ್ಷ್ಯ 2014ರದು: ಕೋಶದಿಂದ ಹೊರತೆಗೆದ ಬಿಡಿ ಕೋಶಕೇಂದ್ರಗಳ ನೆಸ್ಪ್ರಿನ್ನಿಗೆ ಆಯಸ್ಕಾಂತೀಯ ಮಣಿ ಅಂಟಿಸಿ ಮತ್ತೆ ಮತ್ತೆ ಎಳೆದಾಗ ಕೋಶಕೇಂದ್ರವು ಎಳೆತಕ್ಕೆ ಪ್ರತಿಯಾಗಿ ಬಿಗಿಯಾಗುತ್ತಾ ಹೋಯಿತು. ಸುತ್ತಲಿನ ಕೋಶವೇ ಇಲ್ಲದಿದ್ದರೂ ಅದಕ್ಕೆ ತನ್ನದೇ ಆದ ಸ್ಪರ್ಶಜ್ಞಾನವಿದೆ. ಕೊನೆಯದಾಗಿ, ವಾಂಗ್ ಅವರ ತಂಡವೇ 2016ರಲ್ಲಿ, ಕೋಶದ ಮೇಲ್ಮೈಯಲ್ಲಿ ಅಂಟಿದ ಮಣಿಯನ್ನು ತಿರುಚಿದಾಗ ಒಳಗಿನ ಕ್ರೊಮಾಟಿನ್ ಹಿಗ್ಗುವುದನ್ನೂ ಅಲ್ಲಿ ಕೂರಿಸಿದ್ದ ಜೀನಿನ ಪ್ರತಿಲೇಖನ, ಅಂದರೆ ಜೀನಿನ ಬರಹವನ್ನು ಆರ್‌ಎನ್‌ಎಯಾಗಿ ನಕಲು ಮಾಡುವ ಕೆಲಸ, ಹೆಚ್ಚುವುದನ್ನೂ ಜೀವಂತ ಕೋಶದಲ್ಲಿ ಕಣ್ಣಾರೆ ತೋರಿಸಿತು.

ಹಾಗಾದರೆ ಓಲೆಕಾರನ ದಾರಿ ದೊಡ್ಡದೋ, ಹಗ್ಗದ ದಾರಿ ದೊಡ್ಡದೋ? ಈ ಪ್ರಶ್ನೆಯೇ ಸ್ವಲ್ಪ ತಪ್ಪಾಗಿದೆ ಎಂದು 2017ರ ಒಂದು ಕೆಲಸ ಓದಿದ ಮೇಲೆ ನನಗನ್ನಿಸಿತು. ಬಾರ್ಸಿಲೋನಾದ ಪೆರೆ ರೋಕಾ-ಕುಸಾಕ್ಸ್ ಅವರ ತಂಡ ತೋರಿಸಿದ ಪ್ರಕಾರ, ಗಡುಸು ನೆಲೆಯ ಮೇಲೆ ಆಕ್ಟಿನ್ ಎಳೆಗಳು ಕೋಶಕೇಂದ್ರವನ್ನು ಒತ್ತಿ ಚಪ್ಪಟೆ ಮಾಡುತ್ತವೆ, ಪೊರೆ ಹಿಗ್ಗಿ ಅದರಲ್ಲಿರುವ ರಂಧ್ರಗಳ ತಡೆ ಕಡಿಮೆಯಾಗುತ್ತದೆ, ಯಾಪ್ ಸುಲಭವಾಗಿ ಒಳಹೋಗುತ್ತದೆ. ಓಲೆಕಾರ ಬಾಗಿಲಿಗೆ ಬಂದಾಗ ಬಾಗಿಲು ತೆರೆಯುವುದು ಹಗ್ಗ. ಪಠ್ಯಪುಸ್ತಕದ ಚಿತ್ರಗಳಲ್ಲಿ ಎರಡು ಬಾಣಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬಿಡಿಸುತ್ತೇವೆ. ಕೋಶದಲ್ಲಿ ಅವು ಹೆಣೆದುಕೊಂಡೇ ಇವೆ.

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪಾಲೂ ಇದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಪ್ರಯೋಗಾಲಯ ನಡೆಸಿ, ಮುಂದೆ ಸಿಂಗಪುರದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಕೆಲಸ ಮುಂದುವರಿಸಿದ ಜಿ. ವಿ. ಶಿವಶಂಕರ್ ಅವರು ಕೋಶದ ಆಕಾರಕ್ಕೂ ಕ್ರೊಮಾಟಿನ್ನಿನ ಮಡಿಕೆಗೂ ಇರುವ ಸಂಬಂಧವನ್ನು ಬಹುಕಾಲದಿಂದ ಶೋಧಿಸುತ್ತಿದ್ದಾರೆ. ಕೋಶವನ್ನು ಇಕ್ಕಟ್ಟಿನ ಜಾಗಕ್ಕೆ ಸೀಮಿತಗೊಳಿಸಿದಾಗ ಆಕ್ಟಿನ್–ಮಯೋಸಿನ್ ಎಳೆತ ತಗ್ಗುತ್ತದೆ, ಕ್ರೊಮಾಟಿನ್ನನ್ನು ಬಿಗಿಯಾಗಿ ಮಡಿಸಲು ನೆರವಾಗುವ ಎಚ್‌ಡ್ಯಾಕ್3 ಎಂಬ ಕಿಣ್ವ ಕೋಶಕೇಂದ್ರದೊಳಕ್ಕೆ ಹೋಗುತ್ತದೆ, ಜೀನುಗಳ ಚಟುವಟಿಕೆಯೇ ಬದಲಾಗುತ್ತದೆ ಎಂಬುದು ಅವರ ಗುಂಪು 2013ರಲ್ಲಿ ಪ್ರಕಟಿಸಿದ ಸಂಗತಿ. ಅದೇ ಕೇಂದ್ರದ ಸತ್ಯಜಿತ್ ಮೇಯರ್ ಅವರ ತಂಡ 2019ರಲ್ಲಿ ಹಗ್ಗದ ಇನ್ನೊಂದು ತುದಿಯನ್ನು ನೋಡಿತು: ಇಂಟೆಗ್ರಿನ್ ನಾರನ್ನು ಹಿಡಿದಾಗ ಪೊರೆಯ ಮೇಲಿನ ಕೆಲವು ಪ್ರೊಟೀನುಗಳು ಅತಿಸೂಕ್ಷ್ಮ ಗುಂಪುಗಳಾಗಿ ಸೇರುತ್ತವೆ, ಈ ಗುಂಪುಗೂಡುವಿಕೆ ಕೆಟ್ಟರೆ ಕೋಶ ಸರಿಯಾಗಿ ಹರಡಲಾರದು.

ಲ್ಯಾಮಿನ್ ಬಲೆಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಈ ಸರಪಳಿ ಮನುಷ್ಯರ ಬದುಕಿನಲ್ಲಿ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಲ್ಯಾಮಿನ್ ಎ ಎಂಬ ಬಗೆ ಮಿದುಳಿನಂಥ ಮೆದು ಅಂಗಾಂಶದಲ್ಲಿ ಕಡಿಮೆ, ಸ್ನಾಯುವಿನಲ್ಲಿ ಹೆಚ್ಚು, ಮೂಳೆಯಲ್ಲಿ ಇನ್ನೂ ಹೆಚ್ಚು ಎಂದು 2013ರಲ್ಲಿ ಡಿಶರ್ ಅವರ ತಂಡ ತೋರಿಸಿತು. ಭಾರ ಹೊರುವ ಊರಿನಲ್ಲಿ ಕೋಶಕೇಂದ್ರಕ್ಕೆ ದಪ್ಪ ಗೋಡೆ. ಈ ಪ್ರೊಟೀನಿನ ಜೀನಿನಲ್ಲಿ ದೋಷ ಬಂದಾಗ ಎಮೆರಿ-ಡ್ರೈಫಸ್ ಎಂಬ ಸ್ನಾಯುಕ್ಷಯದ ರೋಗ ಬರುತ್ತದೆಂದು 1999ರಲ್ಲಿ ತಿಳಿಯಿತು. ಮೈಯ ಬಹುತೇಕ ಎಲ್ಲ ಕೋಶಗಳಲ್ಲೂ ಇರುವ ಪ್ರೊಟೀನು ಕೆಟ್ಟರೆ ಮೊದಲು ನರಳುವುದು ಸ್ನಾಯು ಮತ್ತು ಹೃದಯ ಏಕೆ ಎಂಬ ಒಗಟಿಗೆ, ಸದಾ ಎಳೆತದಲ್ಲಿರುವ ಕೋಶಗಳಲ್ಲೇ ದುರ್ಬಲ ಗೋಡೆ ಬಯಲಾಗುತ್ತದೆ ಎಂಬುದು ಈಗಿರುವ ಉತ್ತರಗಳಲ್ಲಿ ಒಂದು. ಅದೇ ಜೀನಿನಲ್ಲಿ ಒಂದೇ ಅಕ್ಷರ ಬದಲಾದರೆ ಪ್ರೊಜೀರಿಯಾ: ಸುಮಾರು ನಲವತ್ತು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವ, ಎಳೆವಯಸ್ಸಿನಲ್ಲೇ ಮುಪ್ಪಿನ ಲಕ್ಷಣ ತರುವ ರೋಗ. 50 ಅಮೈನೊ ಆಮ್ಲಗಳು ತುಂಡಾಗಿ ಹೋದ ದೋಷಪೂರ್ಣ ಲ್ಯಾಮಿನ್ ಕೋಶಕೇಂದ್ರದ ಪೊರೆಗೆ ಅಂಟಿಕೊಂಡೇ ಉಳಿಯುತ್ತದೆ, ಕೋಶಕೇಂದ್ರದ ಆಕಾರ ಕೆಡುತ್ತದೆ. ಈ ಮಕ್ಕಳನ್ನು ಕೊಲ್ಲುವುದು ಹೃದಯಾಘಾತ ಮತ್ತು ಪಾರ್ಶ್ವವಾಯು. ದೊಡ್ಡ ರಕ್ತನಾಳಗಳ ಗೋಡೆಯಲ್ಲಿ, ಪ್ರತಿ ನಾಡಿಮಿಡಿತಕ್ಕೂ ಹಿಗ್ಗಬೇಕಾದ ಸ್ನಾಯುಕೋಶಗಳೇ ಕರಗಿಹೋಗಿರುತ್ತವೆ. ಆ ಅಂಟುವಿಕೆಯನ್ನು ತಡೆಯುವ ಲೋನಾಫಾರ್ನಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಆಯುಸ್ಸನ್ನು ಹಿಗ್ಗಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ.

ಉಪನ್ಯಾಸ ಮುಗಿದಾಗ ಹಿರಿಯರೊಬ್ಬರು ಎದ್ದು ಕೇಳಿದರು: ಸ್ತನದ ಗಂಟು ಕೈಗೆ ಗಟ್ಟಿಯಾಗಿ ಸಿಗುತ್ತದಲ್ಲ, ಆ ಗಟ್ಟಿತನ ಕ್ಯಾನ್ಸರಿನ ಫಲವೋ, ಅದಕ್ಕೆ ಕಾರಣವೂ ಹೌದೋ, ಕಾರಣವೇ ಆದರೆ ಮೆದು ಮಾಡಿ ಗುಣಪಡಿಸಬಹುದೇ? ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಎರಡೂ ಹೌದು ಎಂದೇ. ಸ್ತನದ ಕೋಶಗಳ ಸುತ್ತಲಿನ ಜೆಲ್ಲನ್ನು ಗಡುಸು ಮಾಡಿದಷ್ಟಕ್ಕೇ ಅವು ಶಿಸ್ತು ಬಿಟ್ಟು ಬೆಳೆಯಲು ಆರಂಭಿಸುವುದನ್ನು ವ್ಯಾಲರಿ ವೀವರ್ ಅವರ ತಂಡ 2005ರಲ್ಲಿ ತೋರಿಸಿದೆ. ಎರಡನೆಯ ಭಾಗ ಕಷ್ಟದ್ದು. ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಮಾಡುವ ಕಿಣ್ವವನ್ನು ತಡೆಯುವ ಸಿಮ್ಟುಜುಮಾಬ್ ಎಂಬ ಪ್ರತಿಕಾಯವನ್ನು ಶ್ವಾಸಕೋಶ ಗಡುಸಾಗುವ ರೋಗದವರಲ್ಲಿ ಪರೀಕ್ಷಿಸಿದರು, ಪ್ರಯೋಜನ ಕಾಣಲಿಲ್ಲ. ಹೊಸ ಬೆಸುಗೆಯನ್ನು ತಡೆದರೂ ಹಳೆಯ ಬೆಸುಗೆಗಳು ಹಾಗೇ ಇದ್ದವು, ಕೋಶಗಳು ಎಳೆದು ನೋಡಿದಾಗ ಅವಕ್ಕೆ ಸಿಕ್ಕಿದ್ದು ಅದೇ ಗಡುಸು ನೆಲೆ ಎಂದು ನನ್ನ ಊಹೆ. ಅವರು ತಲೆಯಾಡಿಸಿ ಕುಳಿತರು, ಒಂದು ಕ್ಷಣ ಬಿಟ್ಟು ಮತ್ತೆ ಎದ್ದು, ಹಾಗಾದರೆ ನೆಲವನ್ನು ಬಿಟ್ಟು ಹಗ್ಗ ಎಳೆಯುವವನನ್ನೇ ಹಿಡಿಯಬಾರದೇ ಎಂದರು. ಮಯೋಸಿನ್ ಮೋಟಾರನ್ನು ಮೈಯೆಲ್ಲ ನಿಲ್ಲಿಸಿದರೆ ಹೃದಯವೂ ನಿಲ್ಲುತ್ತದೆ ಎಂದೆ. ಕೆಟ್ಟ ಅಂಗಾಂಶದಲ್ಲಿ ಮಾತ್ರ ನಿಲ್ಲಿಸುವ ದಾರಿಯನ್ನು ಹಲವು ಪ್ರಯೋಗಾಲಯಗಳು ಹುಡುಕುತ್ತಿವೆ.